ಸೆಲ್ಲಿಲ್ಲದ ಕ್ಯಾಮೆರಾ

ಮಹದೇವಪ್ರಸಾದ್ ಹೆಣದ ಗದ್ದ ಹಿಡಿದು ಎಡಕ್ಕೆ ತಿರುಗಿಸಿದ. ಗೋಡೆಗೆ ಒರಗಿಸಿ ಕೂರಿಸಿದ್ದ ಭಾವ ಷಡಕ್ಷರಿಯ ತಲೆ ಮತ್ತೆ ಬಲಕ್ಕೇ ವಾಲಿತು.

"ಊರೋರ ಹೆಣನೆಲ್ಲ ನೆಟ್ಟಗೆ ಕೂರುಸ್ತಿದ್ರು ಕಣ್ರೀ. ಈಗ ಇವರೇ ಮಾತು ಕೇಳ್ತಿಲ್ಲ."

ಅಂಗಳದಲ್ಲಿದ್ದವರು ಟವೆಲ್ ಮರೆಯಲ್ಲಿ ನಕ್ಕರು. ಕುಂಬಾರಕೊಪ್ಪಲಿನ ಷಡಕ್ಷರಿ ನಲವತ್ತು ವರ್ಷ ಮಾಡಿದ್ದು ಅದೇ ಕೆಲಸ. ಅವರ ಜನರಲ್ಲಿ ಯಾರು ತೀರಿಕೊಂಡರೂ ವಿಭೂತಿ ಬಳಿದು ಕೂರಿಸುತ್ತಾರೆ. ಸಮಾಧಿಗೆ ಒಯ್ಯುವ ಮೊದಲು ಮನೆಯವರೆಲ್ಲ ಸುತ್ತ ಕೂತು ಒಂದು ಫೋಟೋ. ಅದಕ್ಕೆ ಷಡಕ್ಷರಿ ಬೇಕು. ಮದುವೆಗೆ ಮಾತ್ರ ಅವರನ್ನು ಯಾರೂ ಕರೆಯುತ್ತಿರಲಿಲ್ಲ.

ಮಹದೇವಪ್ರಸಾದ್ ಫೋನ್ ತೆಗೆದ. ಅವನ ಅಕ್ಕ, ಸತ್ತವರ ಹೆಂಡತಿ ಪ್ರೇಮಲೀಲಾ ತಡೆದರು.

"ಒಳಗಿಡೋ. ನನ್ನ ಫೋಟೋ ರೀಲಲ್ಲೇ ತೆಗೀಬೇಕು ಅಂತ ಅವ್ರೇ ಅಂದಿದ್ರು. ಲಾಸ್ಯ ತೆಗೀತಾಳೆ."

ಲಾಸ್ಯ ಕಾಲೇಜು ಹುಡುಗಿ, ನಾಲ್ಕು ತಿಂಗಳಿಂದ ಅವರ ಶಿಷ್ಯೆ. ಮೂಲೆಯಲ್ಲಿ ಕೂತು ರೀಲು ಹಾಕುತ್ತಿದ್ದಳು. ಕಣ್ಣೀರಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಸ್ವಾಮಿಗಳು ಇನ್ನೊಂದು ಮನೆಗೆ ಹೋಗಬೇಕು, ಬೇಗ ಬೇಗ ಎಂದು ಮಹದೇವಪ್ರಸಾದ್ ಗದರಿದ. ಅವಳು ಪಟ್ಟನೆ ಕ್ಯಾಮೆರಾದ ಮುಚ್ಚಳ ಹಾಕಿದಳು.

*

ನಾಲ್ಕು ತಿಂಗಳ ಹಿಂದೆ ಅವಳು ಕ್ಯಾಮೆರಾ ಕೊಳ್ಳಲು ಬಂದ ದಿನ ಷಡಕ್ಷರಿ ಮೂರು ಹಳೆಯವನ್ನು ಮೇಜಿನ ಮೇಲಿಟ್ಟಿದ್ದರು. ಲಾಸ್ಯ ಬೆಳ್ಳಿ ಬಣ್ಣದ ಪುಟಾಣಿಯನ್ನು ಎತ್ತಿಕೊಂಡಳು. ಅದು ರೀಲನ್ನೂ ತಾನೇ ಸುತ್ತಿಕೊಳ್ಳುತ್ತಿತ್ತು.

"ಕತ್ತಿಗೆ ಸರ ಬೇಕಿದ್ರೆ ಅಶೋಕಾ ರಸ್ತೆ ಚಿನ್ನದಂಗಡಿಗೆ ಹೋಗಮ್ಮ," ಎಂದು ಕಿತ್ತುಕೊಂಡರು.

ಬೆಳಕು ಅಳೆಯುವ ಮೀಟರ್ ಇದ್ದ ಎರಡನೆಯದನ್ನೂ ಎತ್ತಿಟ್ಟರು. ಉಳಿದದ್ದು ಇಟ್ಟಿಗೆಯಷ್ಟು ಭಾರದ ಕಪ್ಪು ಕ್ಯಾಮೆರಾ. ಸೆಲ್ಲಿಲ್ಲ, ಮೀಟರಿಲ್ಲ.

"ಇದು ನಿನ್ನ ಒಂದು ತಪ್ಪನ್ನೂ ಮುಚ್ಚಾಕಲ್ಲ. ಕಲಿಯೋಕೆ ಇದೇ ಸರಿ."

ಮೊದಲ ಪಾಠ ಅಂದೇ ಆಯಿತು. ರೀಲು ಮುಂದೆ ಸರಿಸಲು ಲಿವರ್ ಎಳೆದಾಗ ಎಡಗಡೆಯ ನಾಬು ತಿರುಗಬೇಕು. ತಿರುಗದಿದ್ದರೆ ರೀಲು ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿಲ್ಲ. ಕ್ಲಿಕ್ ಅನ್ನುತ್ತದೆ, ನಂಬರ್ ಓಡುತ್ತದೆ, ಒಂದು ಫೋಟೋವೂ ಬರುವುದಿಲ್ಲ. ಅವರ ಮದುವೆಯಲ್ಲಿ ಗೆಳೆಯನೊಬ್ಬ ಹಾಗೇ ಇಡೀ ದಿನ ತೆಗೆದಿದ್ದನಂತೆ.

"ಆಮೇಲಾದ್ರೂ ಒಂದಿನ ಫೋಟೋಗೆ ನನ್ ಜೊತೆ ಕೂತ್ರಾ?" ಒಳಗಿನಿಂದ ಪ್ರೇಮಲೀಲಾ ಕೇಳಿದ್ದರು.

"ಕೂರ್ತೀನಿ ಬುಡು. ಎಲ್ಲೋಗ್ತೀನಿ?"

*

ಕೊನೆಗೆ ಹಣೆಗೆ ಬಟ್ಟೆ ಸುತ್ತಿ, ತಲೆಯನ್ನು ಗೋಡೆಯ ಮೊಳೆಗೆ ಬಿಗಿದರು. ಆಗ ಷಡಕ್ಷರಿ ನೆಟ್ಟಗೆ ಕೂತರು.

ಪ್ರೇಮಲೀಲಾ ಮದುವೆಯ ರೇಷ್ಮೆ ಸೀರೆ ಉಟ್ಟು, ಕೈತುಂಬ ಬಳೆ, ಮುಡಿತುಂಬ ಮಲ್ಲಿಗೆ ಇಟ್ಟು ಪಕ್ಕ ಬಂದು ಕೂತರು. ಸಂಜೆಗೆ ಬಳೆ, ಹೂವು ಎಲ್ಲ ತೆಗೆಯಬೇಕಿತ್ತು. ಅಂತೂ ಜೋಡಿ ಫೋಟೋ ಆಯ್ತಲ್ಲ ಎಂದು ಯಾರೋ ಪಿಸುಗುಟ್ಟಿದರು. ಪ್ರೇಮಲೀಲಾ ಸೆರಗು ಸರಿಮಾಡಿಕೊಂಡು, ಗಂಡನ ತೋಳಿಗೆ ತೋಳು ತಾಗಿಸಿ, ಸ್ವಲ್ಪ ನಕ್ಕರು.

ಬಾಗಿಲಿನ ಬೆಳಕನ್ನು ಲಾಸ್ಯ ಕಣ್ಣಲ್ಲೇ ಅಳೆದಳು. ಸರಿಯಾಗೇ ಅಳೆದಳು. ಜೋಡಿಯದು ಹತ್ತು, ನೆಂಟರದು ಹದಿನೈದು, ಉಳಿದದ್ದು ರುದ್ರಭೂಮಿಯಲ್ಲಿ. ಮುಖ ಮುಚ್ಚುವಷ್ಟು ಮಣ್ಣು ಬಿದ್ದಾಗ ನಂಬರ್ ಮೂವತ್ತಾರಕ್ಕೆ ಬಂದಿತ್ತು.

ಮನೆಗೆ ಬಂದು ಜಗಲಿಯಲ್ಲಿ ಕೂತು, ಮುಗಿಯಿತೇನೋ ನೋಡಲು ಲಿವರ್ ಎಳೆದಳು. ಮೂವತ್ತಾರರ ರೀಲು, ಬಿಗಿಯಬೇಕಿತ್ತು. ಸಲೀಸಾಗಿ ಬಂತು. ಮೂವತ್ತೇಳು. ಮತ್ತೆ ಎಳೆದಳು. ಮೂವತ್ತೆಂಟು. ಇನ್ನೊಮ್ಮೆ ಎಳೆಯುತ್ತ, ಬೆಳಗಿನಿಂದ ಮೊದಲ ಸಲ ಎಡಗಡೆಯ ನಾಬನ್ನು ನೋಡಿದಳು. ಅದು ತಿರುಗಲಿಲ್ಲ.

ಒಳಗೆ ಪ್ರೇಮಲೀಲಾ ಸ್ನಾನ ಮಾಡಿ ಬಂದು, ಬಟ್ಟೆಯ ಎಳೆ ಇನ್ನೂ ಸಿಕ್ಕಿಕೊಂಡಿದ್ದ ಆ ಮೊಳೆಯ ಎದುರು ನಿಂತಿದ್ದರು.

"ಲಾಸ್ಯ, ನಾನು ಕಣ್ಣು ಮುಚ್ಚಿಲ್ಲ ತಾನೆ? ಇಷ್ಟು ದೊಡ್ಡದು ಮಾಡ್ಸೋಣ್ವ?"

ಬಳೆಯಿಲ್ಲದ ಎರಡೂ ಕೈಗಳನ್ನು ಅಗಲಿಸಿ, ಖಾಲಿ ಗೋಡೆಯ ಮೇಲೆ ಅಳತೆ ಹಿಡಿದು, ಅವಳು ನೋಡಲೆಂದು ಹಾಗೇ ನಿಂತರು.