ಶ್ರುತಿಗೆ ನಿಂತವರು

ನಾಲ್ಕು ಜನರನ್ನು ಎದುರಿಗೆ ಕೂರಿಸಿಕೊಂಡು ತಾನು ಕಲಿಸುವುದಾದರೂ ಏನನ್ನು? ತುಟಿಯನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನೇ?

ಕಂಪ್ಯೂಟರಿನ ಮುಂದೆ ಕೂತು ರಲಿತ್ಸಾ ತನ್ನೊಳಗೇ ಕೇಳಿಕೊಂಡಳು. ಬೆಳಿಗ್ಗೆ ಪಾಠ, ಸಂಜೆ ಸಂಗೀತ ಕಛೇರಿ ಎಂದು ಅವಳು ಕೂಡಿಸಿ ಕಳಿಸಿದ್ದ ಐದು ದಿನಗಳ ಪ್ರವಾಸದ ಯೋಜನೆ ಪೋರ್ಚುಗಲ್ಲಿನ ಸಂಗೀತ ಶಾಲೆಯವರಿಗೆ ಬಹಳ ಹಿಡಿಸಿತ್ತು. ಒಂದೇ ಒಂದು ಬದಲಾವಣೆ ಕೇಳಿದ್ದರು. ಮೂರನೆಯ ದಿನ ಆರೂ ಹಾಡುಗಾರ್ತಿಯರು ಬೇರೆ ಬೇರೆ ಕೋಣೆಗಳಲ್ಲಿ ಕೂತು, ನಾಲ್ಕು ನಾಲ್ಕು ಜನಕ್ಕೆ ತಂತಮ್ಮ ಪಾಲಿನ ದನಿಯನ್ನು ಕಲಿಸಿಕೊಡಬೇಕು.

ರಲಿತ್ಸಾಳ ಊರಿನ ಹಾಡನ್ನು ಮೂರು ಮೂರು ಹೆಂಗಸರ ಎರಡು ಗುಂಪುಗಳು ಸರದಿಯ ಮೇಲೆ ಹಾಡುತ್ತವೆ. ಒಬ್ಬಳು ರಾಗವನ್ನು ಎತ್ತುತ್ತಾಳೆ. ಉಳಿದಿಬ್ಬರು ಅದರ ಕೆಳಗೆ ಒಂದೇ ಸ್ವರವನ್ನು ಶ್ರುತಿಯಂತೆ ಹಿಡಿದು ನಿಲ್ಲುತ್ತಾರೆ. ಎತ್ತುವವಳು ದೊನ್ಕಾ ಆದರೆ, ಅವಳ ಶ್ರುತಿಗೆ ಗೇನಜ್ಜಿ ಮತ್ತು ರಲಿತ್ಸಾ. ಊರೆಲ್ಲ ಹಾಗೆಂದೇ ನಂಬಿತ್ತು. ಹೋದ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಒಂದು ಸಂಜೆ ದೊನ್ಕಾ ಹಾಡು ನಿಲ್ಲಿಸಿ, "ಇದ್ಯಾವುದೇ ಸೊಳ್ಳೆ ಒಳಗೆ ಬಂದಿರೋದು?" ಎಂದು ಸುತ್ತ ನೋಡಿದ್ದಳು. ಎಲ್ಲರೂ ನಕ್ಕರು. ರಲಿತ್ಸಾ ಕೂಡ ನಕ್ಕಳು. ಅಂದಿನಿಂದ ಅವಳು ಬಾಯನ್ನಷ್ಟೇ ಆಡಿಸುತ್ತಿದ್ದಾಳೆ.

ಗುಂಪನ್ನೇ ಬಿಟ್ಟುಬಿಡಬಹುದಿತ್ತು. ಅಷ್ಟರಲ್ಲಿ ಪೋರ್ಚುಗಲ್ಲಿನ ಆಹ್ವಾನ ಬಂತು. ಹಾಡುವವರಿಗೆ ಮಾತ್ರ ಆಹ್ವಾನ. ಸೋಫಿಯಾದಲ್ಲಿ ಪದವಿ ಮುಗಿಸಿ ಬಂದು, ಊರಿನ ಓದುಮನೆಯಲ್ಲಿ ಯಾರೂ ಕೇಳದ ಪುಸ್ತಕಗಳ ಧೂಳು ಹೊಡೆಯುತ್ತಿದ್ದ ಹುಡುಗಿಗೆ ಬಿಡಲು ಮನಸ್ಸಾಗಲಿಲ್ಲ.

"ಏ ರಲಿತ್ಸಾ! ಪೋರ್ಚುಗಲ್ ಎಲ್ಲೂ ಓಡಿಹೋಗಲ್ಲ, ಬಾರೇ!" ಓದುಮನೆಯ ಸಭಾಂಗಣದಿಂದ ದೊನ್ಕಾ ಕೂಗಿದಳು.

ಒಲೆಯಲ್ಲಿ ಕಟ್ಟಿಗೆ ಚಟಪಟ ಸಿಡಿಯುತ್ತಿತ್ತು. ಗೇನಜ್ಜಿ ತನ್ನ ಹೊಸ ಗುರುತಿನ ಚೀಟಿಯನ್ನು ಎಲ್ಲರ ಕೈಗೂ ದಾಟಿಸುತ್ತಿದ್ದಳು.

"ನೋಡ್ರೇ ಫೋಟೋನ. ಕೋಳಿ ಕದ್ದು ಸಿಕ್ಕಿಬಿದ್ದೋಳ ತರ ಇದೀನಿ. ವಿಮಾನದೋರು ಹತ್ತಿಸ್ಕೊಳ್ತಾರಾ?"

"ಹತ್ತಿಸ್ಕೊಳ್ತಾರೆ ಅಜ್ಜಿ, ಕೋಳೀನೂ ತಂದ್ರೆ," ಎಂದಳು ಸ್ಲಾವ್ಕಾ, ಇನ್ನೊಂದು ಗುಂಪಿನಲ್ಲಿ ರಾಗ ಎತ್ತುವವಳು.

ಎಲ್ಲರೂ ಸಾಲಾಗಿ ನಿಂತರು. ವಾಡಿಕೆಯಂತೆ ಒಬ್ಬರ ಬೆನ್ನ ಹಿಂದಿನಿಂದ ಇನ್ನೊಬ್ಬರ ನಡುವನ್ನು ಬಳಸಿದರು. ಗೇನಜ್ಜಿಯ ಅಂಗೈ ರಲಿತ್ಸಾಳ ಪಕ್ಕೆಲುಬಿನ ಮೇಲೆ ಬಂದು ಕೂತಿತು. ಮಣಿಕಟ್ಟಿನಲ್ಲಿ ಮಾರ್ಚ್ ತಿಂಗಳಲ್ಲಿ ಊರವರೆಲ್ಲ ಕಟ್ಟಿಕೊಳ್ಳುವ ಕೆಂಪು-ಬಿಳಿ ದಾರ. ದೊನ್ಕಾ ರಾಗ ಎತ್ತಿದಳು. ಶ್ರುತಿ ಕೆಳಗಿನಿಂದ ಬಂದು ಅದಕ್ಕೆ ಆತುಕೊಂಡಿತು. ಹಾಡಿನ ಉದ್ದನೆಯ ಸಾಲಿನ ನಡುವೆ ಗೇನಜ್ಜಿ ಉಸಿರಿಗೆ ತಡಕಾಡಿದಳು. ಕಾಲಡಿಯ ಹಲಗೆ ಜಾರಿದಂತೆ ಹಾಡು ಕುಸಿಯಿತು.

"ಮತ್ತೆ!" ಎಂದಳು ದೊನ್ಕಾ.

"ಹಳೇ ತಿದಿ ಕಣಮ್ಮ," ಗೇನಜ್ಜಿ ಎದೆ ತಟ್ಟಿಕೊಂಡು ನಕ್ಕಳು. "ಗಾಳಿ ನಿಲ್ಲಲ್ಲ."

ಚಹಾಕ್ಕೆಂದು ಬಿಟ್ಟಾಗ ದೊನ್ಕಾ ರಲಿತ್ಸಾಳನ್ನು ಪುಸ್ತಕದ ಕೋಣೆಗೆ ಎಳೆದುಕೊಂಡು ಹೋದಳು.

"ಕೇಳಿದ್ಯಲ್ಲ? ಚಳಿಗಾಲ ಪೂರ್ತಿ ಇದೇ ಗೋಳು. ಅಲ್ಲಿ ಹೋಗಿ ಮಾನ ಕಳ್ಕೊಳ್ಳೋದಾ? ಪಕ್ಕದೂರಿನ ಮಿಲ್ಕಾನ ಒಪ್ಪಿಸಿದೀನಿ. ಅಜ್ಜಿ ಹೆಸರು ತೆಗೆದು ಅವಳದ್ದು ಹಾಕು."

"ಅಜ್ಜಿಗೆ ಯಾರು ಹೇಳ್ತಾರೆ?"

"ನೀನೇ ಹೇಳು ಮಾರಾಯ್ತಿ. ನಾನು ಬಾಯಿ ಬಿಟ್ರೆ ಜಗಳ. ನೀನು ಓದಿದವಳು. ಎಪ್ಪತ್ತು ದಾಟಿದವರು ಬೇಡ ಅಂತ ಅಲ್ಲಿಯವರೇ ಬರೆದಿದಾರೆ ಅನ್ನು, ಮುಗೀತು."

ರಲಿತ್ಸಾ ಬಾಯಿ ತೆರೆದಳು, ಮುಚ್ಚಿದಳು. ಆ ಕೆಲಸದಲ್ಲಿ ಅವಳು ಚೆನ್ನಾಗಿ ಪಳಗಿದ್ದಳು. ಕೊನೆಗೆ, "ಆಯ್ತು ದೊನ್ಕಕ್ಕ," ಎಂದಳು.

ಗೇನಜ್ಜಿ ಒಲೆಯ ಪಕ್ಕದ ಬೆಂಚಿನಲ್ಲಿ ಕೂತು, ಮನೆಯಿಂದ ತಂದ ಚೀಸ್ ಕಡುಬನ್ನು ಮುರಿಯುತ್ತಿದ್ದಳು. ದೊಡ್ಡ ತುಂಡನ್ನು ರಲಿತ್ಸಾಳ ಕೈಗಿಟ್ಟಳು. ಅದನ್ನು ಹಿಡಿದುಕೊಂಡೇ ರಲಿತ್ಸಾ ಹೇಳಿದಳು. ಅಲ್ಲಿಯವರು ಬರೆದಿದ್ದಾರೆ, ವಯಸ್ಸು, ನಿಯಮ... ಮಾತುಗಳು ನಯವಾಗಿಯೇ ಬಂದವು. ಅಷ್ಟು ನಯವಾಗಿ ಬಂದವಲ್ಲ ಎಂದು ಅವಳಿಗೇ ನಾಚಿಕೆಯಾಯಿತು.

ಗೇನಜ್ಜಿ ಮಡಿಲಿಗೆ ಬಿದ್ದ ಚೂರುಗಳನ್ನು ಒಂದೊಂದಾಗಿ ಹೆಕ್ಕಿದಳು.

"ಹೂಂ. ನಿಯಮ ಅಂದ್ರೆ ನಿಯಮ," ಎಂದಳು. ಚೂರುಗಳನ್ನು ಒಲೆಗೆ ಹಾಕಿ, "ನನ್ನ ಜಾಗಕ್ಕೆ ಯಾರು?"

"ಮಿಲ್ಕಾ."

"ಒಳ್ಳೇ ಗಂಟಲು." ಗೇನಜ್ಜಿ ಹತ್ತಿರ ಸರಿದು ದನಿ ತಗ್ಗಿಸಿದಳು. "ಅವಳ ಪಕ್ಕ ಹುಷಾರಾಗಿರು ಮಗಾ. ಮಿಲ್ಕಾ ನನ್ನಂಗಲ್ಲ, ಸುಮ್ನಿರೋಳಲ್ಲ. ಶ್ರುತಿಗೆ ಇಬ್ರು ಯಾಕೆ ಹೇಳು? ಒಬ್ಳು ಉಸಿರು ತಗೊಳ್ಳೋವಾಗ ಇನ್ನೊಬ್ಳು ಹಿಡ್ಕೊಂಡಿರ್ಬೇಕು. ಹೋಗೋದ್ರೊಳಗೆ ಸ್ವಲ್ಪ ಕಲ್ತುಬಿಡು. ದಿನಾ ಸಂಜೆ ಮನೆಗೆ ಬಾ, ಹೇಳ್ಕೊಡ್ತೀನಿ."

ಕಡುಬಿನ ಎಣ್ಣೆ ರಲಿತ್ಸಾಳ ಬೆರಳುಗಳ ನಡುವೆ ಇಳಿಯಿತು. ಇಷ್ಟು ತಿಂಗಳು ಪಕ್ಕೆಯ ಮೇಲೆ ಕೂತಿದ್ದ ಆ ಅಂಗೈಗೆ, ಕೆಳಗೆ ಏನೂ ಉಬ್ಬುತ್ತಿಲ್ಲವೆಂದು ತಿಳಿಯದೆ ಇರುತ್ತದೆಯೇ! ಗೊತ್ತಿದ್ದೂ ಅಜ್ಜಿ ಇಬ್ಬರ ಪಾಲನ್ನೂ ಹಾಡಿದ್ದಳು. ಇಬ್ಬರ ಉಸಿರನ್ನೂ ಒಬ್ಬಳೇ ತೆತ್ತು, "ಹಳೇ ತಿದಿ" ಎಂದು ನಗಿಸಿದ್ದಳು. ಅವಳ ಮುಖ ನೋಡಲಾಗದೆ ರಲಿತ್ಸಾ ಒಲೆಯ ಬಾಗಿಲನ್ನು ನೋಡುತ್ತ ಕೂತಳು.

"ಕೊನೇದೊಂದು ಹಾಡಿಬಿಡೋಣ, ಬನ್ರೇ!" ದೊನ್ಕಾ ಚಪ್ಪಾಳೆ ತಟ್ಟಿದಳು.

ಇನ್ನು ನಿಲ್ಲುವ ಅಗತ್ಯವೇ ಇಲ್ಲದಿದ್ದರೂ ಗೇನಜ್ಜಿ ಎದ್ದು, ನಡುವಿಗೆ ಕಟ್ಟಿದ ಬಟ್ಟೆಗೆ ಕೈ ಒರೆಸಿಕೊಂಡು ತನ್ನ ಜಾಗಕ್ಕೆ ಬಂದಳು. ಅಂಗೈ ಎಂದಿನಂತೆ ಪಕ್ಕೆಯ ಮೇಲೆ ಬಂತು. ರಾಗ ಏರಿತು. ಉದ್ದನೆಯ ಸಾಲು ಬಂತು. ಪಕ್ಕದಲ್ಲಿ ಅಜ್ಜಿಯ ದನಿ ತೆಳ್ಳಗಾಗುತ್ತ ಬಂದು, ನಡುಗಿ, ಕಡಿಯಿತು.

ದೊನ್ಕಾ ಹಾಡು ನಿಲ್ಲಿಸಿ, ಅಜ್ಜಿಯ ತಲೆಯ ಮೇಲಿನಿಂದ ರಲಿತ್ಸಾಳತ್ತ ನೋಡಿ ಹುಬ್ಬು ಹಾರಿಸಿದಳು. ಕಂಡ್ಯಾ, ನಾನು ಹೇಳಲಿಲ್ವಾ, ಎನ್ನುವಂತೆ.

ರಲಿತ್ಸಾ ಉಸಿರು ಎಳೆದುಕೊಂಡಳು. ಪಕ್ಕೆಗಳು ಅಗಲವಾದವು, ಅವುಗಳ ಮೇಲಿದ್ದ ಅಂಗೈ ಬೆಚ್ಚಿ, ಒಂದು ಗಳಿಗೆ ಎದ್ದು, ಮತ್ತೆ ಮೆಲ್ಲಗೆ ಕೂತಿತು.

"ಅಜ್ಜಿ ಒಬ್ಬರೇ ಹಾಡ್ತಿದಾರೆ ದೊನ್ಕಕ್ಕ," ಎಂದಳು ರಲಿತ್ಸಾ, ಇಡೀ ಸಭಾಂಗಣಕ್ಕೆ ಕೇಳುವಂತೆ. "ನಾನು ಹಾಡ್ತಾನೇ ಇಲ್ಲ."