ಹೊರಗಿನಿಂದ ಒಂದು ಕಣ್ಣು

"ಸಾರ್, ಈ ಕ್ಯಾಮೆರಾ ಹೊರಗಿನವರಿಗೆಲ್ಲ ತೆರೆದೇ ಇದೆ. ಮುಚ್ಚಿಬಿಡ್ಲಾ?"

ನಕ್ಷೆಗಾರ ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟ. ಕಚೇರಿಯವರು ಕಳಿಸಿದ್ದ ನೆಟ್‌ವರ್ಕ್ ಎಂಜಿನಿಯರ್ ಅವನ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಮನೆಯಿಂದ ಕೆಲಸ ಮಾಡುವವರೆಲ್ಲ ಫೈರ್‌ವಾಲ್ ಹಾಕಿಸಿಕೊಳ್ಳಲೇಬೇಕು ಎಂದು ಆಜ್ಞೆಯಾಗಿತ್ತು. ಯಾರದೋ ಮನೆಯ ಕಂಪ್ಯೂಟರಿಗೆ ಕಳ್ಳರು ನುಗ್ಗಿ, ಕಟ್ಟಡವೊಂದರ ನಕ್ಷೆಗಳನ್ನೆಲ್ಲ ಬಾಚಿಕೊಂಡು ಹೋಗಿದ್ದರಂತೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಎಲ್ಲ ಕಚೇರಿಗಳ ಹಣೆಬರಹ.

ಅವನ ಕಸುಬಿನಲ್ಲಿ ಫೈರ್‌ವಾಲ್ ಎಂದರೆ ಬೇರೆಯೇ. ಒಂದಕ್ಕೊಂದು ಅಂಟಿಕೊಂಡ ಎರಡು ಮನೆಗಳ ನಡುವೆ, ಒಂದರ ಬೆಂಕಿ ಇನ್ನೊಂದಕ್ಕೆ ದಾಟದಂತೆ ಎಬ್ಬಿಸುವ ದಪ್ಪ ಗೋಡೆ ಅದು. ಅಂಥ ಗೋಡೆಗೆ ಕಿಟಕಿ ಇಡುವಂತಿಲ್ಲ ಎಂದು ಹೊಸಬರಿಗೆ ಬೈದು ಹೇಳಿಕೊಡುತ್ತಿದ್ದವನೂ ಅವನೇ.

"ಅದೊಂದು ಹಾಗೇ ಇರಲಿ ಬಿಡಮ್ಮ," ಎಂದ. "ನಮ್ಮ ಮನೆಯವರು ನೋಡ್ತಿರ್ತಾರೆ."

"ಮನೆಯವರು ಮನೇಲಿಲ್ವಾ ಸಾರ್?"

"ಇಲ್ಲ. ಹೊರಗಿದಾರೆ," ಎಂದು ಲೋಟವನ್ನು ಅವಳ ಪಕ್ಕದಲ್ಲಿಟ್ಟ.

ಹೊರಗೆ ಎಂದರೆ ಹೆಂಡತಿ ಅದೇ ನಗರದ ಇನ್ನೊಂದು ಮೂಲೆಯಲ್ಲಿದ್ದಳು. ಜಗಳವಾಡಿ ಹೋಗಿದ್ದರೆ ರಾಜಿಗೆ ಒಂದು ದಾರಿಯಾದರೂ ಇರುತ್ತಿತ್ತು. ಅವಳು ದಣಿದು ಹೋಗಿದ್ದಳು. "ನೀನು ಬೆಳಗಿಂದ ಸಂಜೆವರೆಗೆ ಗೋಡೆ ಎಳೀತೀಯ, ಸಂಜೆ ಗೋಡೆ ಥರಾನೇ ಕೂತಿರ್ತೀಯ. ನನಗೆ ಮಾತಾಡಿ ಮಾತಾಡಿ ಸಾಕಾಯ್ತು" ಎಂದಿದ್ದಳು. ಅದಕ್ಕೂ ಈ ಮಹಾರಾಯ ತುಟಿ ಪಿಟಕ್ಕೆಂದಿರಲಿಲ್ಲ. ಹೊಸ ಮನೆಯ ಮಾಲೀಕರಿಗೆ ಬೆಕ್ಕು ಆಗದು ಎಂದು ದೊರೆಯನ್ನು ಇಲ್ಲೇ ಬಿಟ್ಟಳು. ಹೆಸರಿಗೆ ತಕ್ಕ ಬೆಕ್ಕು ಅದು, ಕರೆದರೆ ಬರುತ್ತಿರಲಿಲ್ಲ. "ಕ್ಯಾಮೆರಾ ಮಾತ್ರ ತೆಗೀಬೇಡ, ಆಗಾಗ ಫೋನಲ್ಲಿ ದೊರೇನ ನೋಡ್ತಿರ್ತೀನಿ" ಎಂಬುದು ಹೊಸಿಲು ದಾಟುವಾಗ ಅವಳು ಆಡಿದ ಮಾತು.

ಹೊರಗಿನಿಂದ ಯಾರಾದರೂ ಫೋನಿನಲ್ಲೋ ಕಂಪ್ಯೂಟರಿನಲ್ಲೋ ನೋಡಿದರೆ ಕ್ಯಾಮೆರಾದ ಮೂತಿಯ ಮೇಲೆ ಸಣ್ಣದೊಂದು ಹಸಿರು ದೀಪ ಹತ್ತುತ್ತಿತ್ತು. ಸಂಜೆ ಬೀದಿದೀಪ ಬೆಳಗುವ ಹೊತ್ತಿಗೆ ಅದು ಹತ್ತುತ್ತಿತ್ತು, ಸ್ವಲ್ಪ ಹೊತ್ತಿಗೆ ಆರುತ್ತಿತ್ತು. ಚಳಿಗಾಲದಲ್ಲಿ ದೊರೆ ಕಾಯಿಲೆ ಬಿದ್ದು ಸತ್ತುಹೋಯಿತು. ಹೆಂಡತಿಗೆ ಫೋನು ಮಾಡಲು ಅವನಿಗೆ ಧೈರ್ಯ ಬರಲಿಲ್ಲ. ಹೇಗೂ ದೊರೆ ಮಲಗುತ್ತಿದ್ದ ದಿಂಬು ಖಾಲಿ ಇರುವುದು ನೋಡಿ ಅವಳಿಗೇ ತಿಳಿಯುತ್ತದೆ, ದೀಪ ಇನ್ನು ಹತ್ತುವುದಿಲ್ಲ ಎಂದುಕೊಂಡ. ಮರುದಿನ ಸಂಜೆ ದೀಪ ಹತ್ತಿತು. ಅದರ ಮರುದಿನವೂ ಹತ್ತಿತು. ಬೆಕ್ಕಿಲ್ಲದ ಮನೆಯಲ್ಲಿ ನೋಡುವುದಕ್ಕೆ ಇನ್ನು ಯಾರಿದ್ದಾರೆ?

ಅಲ್ಲಿಂದ ಅವನ ಸಂಜೆಗಳ ಗತ್ತೇ ಬದಲಾಯಿತು. ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ ಕ್ಯಾಮೆರಾದ ಎದುರಿಗೆ ಕೂರತೊಡಗಿದ. ಒಲೆಯ ಮುಂದೆ ನಿಂತೇ ತಿನ್ನುತ್ತಿದ್ದವನು ತಟ್ಟೆ ತಂದು ಮೇಜಿನ ಮೇಲಿಟ್ಟುಕೊಂಡ. ಗೋಡೆಯ ಹಾಗಿರುತ್ತೀಯ ಎಂದಿದ್ದಳಲ್ಲ, ಒಂದೆರಡು ಸಲ ಹಾಡು ಗುನುಗಿದ್ದೂ ಉಂಟು. ಮದುವೆಗೆ ಮುಂಚೆಯೂ ಅವಳಿಗಾಗಿ ಇಷ್ಟು ಒಪ್ಪ ಓರಣ ಮಾಡಿಕೊಂಡವನಲ್ಲ. ಇಡೀ ದಿನದಲ್ಲಿ ಅವನಿಗೆ ತಾನು ಬದುಕಿದ್ದೇನೆ ಅನ್ನಿಸುತ್ತಿದ್ದುದು ಆಗ ಮಾತ್ರ.

ಎಂಜಿನಿಯರ್ ಪರದೆಯ ಮೇಲೆ ಏನನ್ನೋ ಕೆದಕಿ ನೋಡಿದಳು. "ದಿನಾ ಸಂಜೆ ಬರ್ತಿರೋದು ಮನೆಯವರಲ್ಲ ಸಾರ್. ಮನುಷ್ಯರೇ ಅಲ್ಲ, ಒಂದು ಪ್ರೋಗ್ರಾಮ್. ಯಾವನೋ ಎಲ್ಲೋ ಕೂತು ಬಿಟ್ಟಿರ್ತಾನೆ, ಅದು ಮನೆಮನೆ ಬಾಗಿಲು ತಳ್ಕೊಂಡು ಹೋಗುತ್ತೆ. ಬೀಗ ಇಲ್ಲದ್ದು ಸಿಕ್ಕಿದ್ರೆ, ಇನ್ನೂ ತೆರೆದೇ ಇದೆಯಾ ಅಂತ ದಿನಾ ಇಣುಕುತ್ತೆ, ಅಷ್ಟೇ."

"ಇಣುಕಿದ ಮೇಲೆ ಒಳಗೆ ಯಾರಿದಾರೆ ಅಂತ ನೋಡಲ್ವಾ?"

"ಅದಕ್ಕೆ ಅದೆಲ್ಲ ಬೇಡ ಸಾರ್." ಅವನ ಮುಖ ಬಿಳಿಚಿಕೊಂಡಿದ್ದು ಕಂಡು ಅವಳು ಸಮಾಧಾನ ಹೇಳಿದಳು. "ಹೆದರ್ಕೋಬೇಡಿ. ನಿಮ್ಮನ್ನ ಯಾರೂ ನೋಡಿಲ್ಲ."

ಅವನು ಕುರ್ಚಿ ಎಳೆದುಕೊಂಡು ಕೂತ. ಇಸ್ತ್ರಿ ಮಾಡಿದ ಅಂಗಿಗಳು ನೆನಪಾಗಿ ನಾಚಿಕೆಯಾಯಿತು.

"ಮನೆಯವರಿಗೆ ಬೇಕು ಅಂದ್ರೆ ಅವರೊಬ್ಬರಿಗೆ ದಾರಿ ಬಿಡ್ತೀನಿ," ಎಂದಳು ಅವಳು. "ಒಂದು ಮಾತು ಕೇಳಿಬಿಡಿ."

ಅವನು ಅಡುಗೆಮನೆಗೆ ಹೋಗಿ, ಎಷ್ಟೋ ಕಾಲದಿಂದ ಒತ್ತದಿದ್ದ ಹೆಸರನ್ನು ಫೋನಿನಲ್ಲಿ ಒತ್ತಿದ.

"ನೀನಾ? ಹುಷಾರಾಗಿದ್ದೀಯ ತಾನೆ?" ಹೆಂಡತಿಯ ಗಾಬರಿಯ ದನಿ.

"ಹ್ಞೂಂ. ಮನೆಗೆ ಫೈರ್‌ವಾಲ್ ಹಾಕಿಸ್ತಿದೀನಿ. ಕ್ಯಾಮೆರಾ ನಿನಗೆ ಬೇಕಾ ಅಂತ ಕೇಳೋಣ ಅಂತ..."

"ಯಾವ ಕ್ಯಾಮೆರಾ? ಓ, ಅದಾ! ನಾನು ಫೋನು ಬದಲಾಯಿಸಿದಾಗಲೇ ಅದು ಹೋಯ್ತು. ಮತ್ತೆ ಹಾಕ್ಕೊಳ್ಳೋಕೆ ಬರ್ಲಿಲ್ಲ. ನಿನ್ನನ್ನ ಕೇಳೋಣ ಅಂದ್ಕೊಂಡೆ, ಆಮೇಲೆ ಹಾಗೇ ಬಿಟ್ಟೆ. ದೊರೆ ಹೇಗಿದಾನೆ? ತುಂಬಾ ನೆನಪಾಗ್ತಿರ್ತಾನೆ. ಈ ಭಾನುವಾರ ಬಂದು ನೋಡ್ಕೊಂಡು ಹೋಗ್ಲಾ?"

ಚೆನ್ನಾಗಿದಾನೆ ಎಂಬ ಒಂದೇ ಮಾತು ಸಾಕಿತ್ತು. ಭಾನುವಾರ ಅವಳು ಈ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಉಳಿದದ್ದನ್ನು ಆಮೇಲೆ ನೋಡಿಕೊಂಡರಾಯಿತು. ಸುಳ್ಳು ನಾಲಗೆಯ ತುದಿಗೇ ಬಂದು ಕೂತಿತ್ತು. ನಿಜ ಹೇಳಿದರೆ ಅವಳಿಗೆ ಈ ಮನೆಗೆ ಬರಲು ಕಾರಣವೇ ಉಳಿಯುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

"ದೊರೆ ಹೋದ ಕಣೆ," ಎಂದ. "ಚಳಿಗಾಲದಲ್ಲೇ."

ಆ ಕಡೆ ಉಸಿರು ಸಿಕ್ಕಿಕೊಂಡ ಸದ್ದಾಯಿತು. "ಚಳಿಗಾಲದಲ್ಲಾ? ನನಗ್ಯಾಕೆ ಹೇಳ್ಲಿಲ್ಲ? ಒಂದು ಮಾತು ಹೇಳೋಕೂ ಆಗ್ಲಿಲ್ವಾ ನಿನಗೆ?"

"ನೀನು ನೋಡ್ತಿದೀಯ ಅಂದ್ಕೊಂಡಿದ್ದೆ." ಇವತ್ತು ಅವನ ಮಾತು ಅಲ್ಲಿಗೇ ನಿಲ್ಲಲಿಲ್ಲ. "ಅವನು ಹೋದ ಮೇಲೂ ನೋಡ್ತಿದೀಯ ಅಂದ್ಕೊಂಡಿದ್ದೆ. ದಿನಾ ಸಂಜೆ."

ಅವಳು ಫೋನು ಇಡಲಿಲ್ಲ. ಅವಳ ಕಿಟಕಿಯ ಕೆಳಗೆಲ್ಲೋ ಬಸ್ಸೊಂದು ನಿಂತು, ಜನ ಇಳಿದು, ಮತ್ತೆ ಹೊರಟ ಸದ್ದು ಕೇಳಿಸಿತು. ಯಾರೋ ಯಾರನ್ನೋ ಕೂಗಿ ಕರೆದರು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು, ತಾನು ಎಂದೂ ಕಾಣದ ಆ ಬೀದಿಯನ್ನು ಕೇಳಿಸಿಕೊಳ್ಳುತ್ತಾ ನಿಂತ.