ರಾಯಚೂರಿಗೆ ಹೋಗದ ನಲವತ್ತು ಕೌದಿ

ಕೌದಿ ಹಸದಿರಬಾರದು ಅಂತ ಗ್ಯಾನಮ್ಮಗ ಆಕಿ ಅವ್ವ ಹೇಳಿಕೊಟ್ಟಿದ್ಳು, ಅವ್ವಗ ಅವರವ್ವ. ಹಳೆ ಸೀರಿ, ಹರದ ಧೋತರ, ಅಂಗಿಯ ಬೆನ್ನು, ಎಲ್ಲಾನೂ ಪದರ ಪದರ ಹಾಸಿ ಹೊಲಕೋತ ಬಂದು, ಕಡೀ ಮೂಲ್ಯಾಗ ನಾಕು ಬೆರಳು ಜಾಗ ಬಿಟ್ಟಿರ್ತಾರಲ್ಲ, ಅಲ್ಲಿ ಒಂದು ತುತ್ತು ರೊಟ್ಟಿ, ಚೂರು ಬೆಲ್ಲ ಇಟ್ಟು ಹೊಲದು ಮುಗಸಬೇಕು. ಹಂಗ ಮಾಡಲಿಲ್ಲಂದ್ರ ಅದನ್ನ ಹೊದ್ದವರು ಹಸವಿಗೆ ಎದ್ದು ಕೂಡ್ತಾರ ಅಂತ ಆಕಿ ಖರೇನ ನಂಬಿದ್ಳು. ಮನ್ಯಾಗ ಹೊದಿಯೋ ಕೌದಿಗೆ ಇದರಿಂದ ಏನೂ ಆಗಂಗಿಲ್ಲ ಬಿಡ್ರಿ. ದಿನಾ ಝಾಡಸ್ತಾರ, ಬಿಸಲಿಗೆ ಹಾಕ್ತಾರ, ಆ ತುತ್ತು ಒಣಗಿ ಪುಡಿಯಾಗಿ ಎಲ್ಲಿ ಹೋತು ಅಂತ ಸುದ್ದಿನ ಇರಂಗಿಲ್ಲ.

ಆದ್ರ ಮಸ್ಕಿಯೊಳಗ ಕೌದಿ ಹೊಲದು ಮಾರೋ ಕೆಲಸ ಶುರು ಆಗಿದ್ದು ಗ್ಯಾನಮ್ಮನಿಂದ ಅಲ್ಲ, ಬಾಜೂ ಮನಿ ರಮಜಾನಬಿಯಿಂದ. ಆಕಿ ಗಂಡ ಹುಸೇನ್‌ಸಾಬ್ ಟೇಲರ್. ನಲವತ್ತೆಂಟರ ಪೋಲೀಸ್ ಆಕ್ಷನ್ ಗದ್ದಲದಾಗ ಒಂದಿನ ಯಾರೋ ಕರದ್ರು ಅಂತ ಚಪ್ಪಲಿ ಮೆಟ್ಟಿಕೊಂಡು ಹೋದವ ತಿರುಗಿ ಬರಲಿಲ್ಲ. ಸತ್ತಿದ್ದು ನೋಡೀನಿ ಅಂದವರಿಲ್ಲ, ಬದುಕ್ಯಾನ ಅಂದವರೂ ಇಲ್ಲ. ಅವನ ಅಂಗಡ್ಯಾಗ ಎರಡು ಚೀಲ ಅರಿವಿ ಚಿಂದಿ ಉಳದಿದ್ದವು. ಕೂಸು ಶಾಕೀರಾನ್ನ ತೊಡಿಮ್ಯಾಲೆ ಹಾಕ್ಕೊಂಡು ಆ ಚೀಲಕ್ಕ ಆನಕೊಂಡು ಕುಂತಿರ್ತಿದ್ಳು ರಮಜಾನಬಿ. ಗ್ಯಾನಮ್ಮ ಒಂದಿನ ತಡೀಲಾರದ ಬಂದು ಚೀಲ ಎಳದು ನಡುಮನ್ಯಾಗ ಸುರವಿದ್ಳು. "ಎಷ್ಟು ದಿನ ಹಿಂಗ ಕೂಡ್ತೀಬೇ? ಸೂಜಿ ಹಿಡಿ" ಅಂದ್ಳು.

ಏಳು ವರ್ಷದಾಗ ಇಬ್ಬರು ಹೋಗಿ ಹನ್ನೊಂದು ಮಂದಿ ಹೆಣ್ಣಮಕ್ಕಳಾದ್ರು. ಕುರಿ ಕಾಯೋರ ಮನ್ಯಾಗಿಂದ ಬಂದವರು, ಕಳೆ ತಗ್ಯೋ ಕೂಲಿ ಬಿಟ್ಟು ಬಂದವರು. ಅಂಗಡಿ ಜಂಬಣ್ಣ ತನ್ನ ಹಳೆ ಹತ್ತಿ ಗೋದಾಮು ಪುಕ್ಕಟ ಬಿಟ್ಟುಕೊಟ್ಟ. ಬಣ್ಣಕ್ಕ ಬಣ್ಣ ಜೋಡಸೋದ್ರಾಗ ರಮಜಾನಬಿಗೆ ಸರಿಗಟ್ಟೋರು ಇರಲಿಲ್ಲ. ಹೊಲಿಗಿ ಗಟ್ಟಿ ಬರಬೇಕಂದ್ರ ಗ್ಯಾನಮ್ಮನ ಬೇಕು. ಇಬ್ಬರೂ ಸಂಜಿತನಕ ಜಗಳಾಡಕೋತ ಹೊಲೀತಿದ್ರು, ಒಬ್ಬಾಕಿ ಬರದಿದ್ರ ಇನ್ನೊಬ್ಬಾಕಿಗೆ ಕೈ ಓಡತಿರಲಿಲ್ಲ.

ಐವತ್ತೈದರಾಗ ಲಿಂಗಸುಗೂರಿಂದ ಸರ್ಕಾರದ ಹೆಣ್ಣು ಅಧಿಕಾರಿ, ಬಾಯಾರೊಬ್ಬರು, ಜೀಪಿನ್ಯಾಗ ಬಂದು ಕೌದಿ ನೋಡಿ ಖುಷಿಯಾದ್ರು. ರಾಯಚೂರಿನ ಹುಡಿಗ್ಯಾರ ಬೋರ್ಡಿಂಗಿಗೆ ನಲವತ್ತು ಕೌದಿ ಬೇಕು ಅಂದ್ರು. ಅವು ಪಾಸಾದ್ರ ಗೋದಾಮಿನ್ಯಾಗ ಸರ್ಕಾರಿ ಕೇಂದ್ರ ಆಗ್ತದ, ರಮಜಾನಬಿಗೆ ನಾಕು ಅಕ್ಷರ ಬರತಾವ, ಆಕಿನ್ನ ಕಲಿಸೋ ಬಾಯಿ ಅಂತ ಕಾಯಂ ಮಾಡ್ತೀವಿ ಅಂತ ಹೇಳಿ ಮುಖ್ಯಸ್ಥೆ ಅನ್ನೋ ಕಡೆ ಆಕಿ ಸಹಿ ತಗೊಂಡು ಹೋದ್ರು.

ಅವತ್ತು ರಮಜಾನಬಿ ಅತ್ತಿದ್ದು ನೌಕರಿ ಸಂತೋಷಕ್ಕಲ್ಲ. ಹೈದರಾಬಾದಿನ್ಯಾಗಿದ್ದ ಆಕಿ ಅಣ್ಣ ಮಹಮ್ಮದಸಾಬ ಕಾಗದದ ಮ್ಯಾಲೆ ಕಾಗದ ಬರೀತಿದ್ದ: ಅಲ್ಲಿ ಒಬ್ಬಾಕೀನ ಇದ್ದು ಏನು ಮಾಡ್ತೀ, ಮೊಹರಂ ಆದಮ್ಯಾಲೆ ಬಂದು ಕರಕೊಂಡು ಹೋಗ್ತೀನಿ, ಮನಿ ಖಾಲಿ ಮಾಡು. ಸರ್ಕಾರಿ ನೌಕರಿ ಐತಿ ಅಂದ್ರ ಮಾತ್ರ ಅವನ ಬಾಯಿ ಮುಚ್ಚೋದು.

"ನಾ ಹೋದಮ್ಯಾಲೆ ಶಾಕೀರಾನ ಅಪ್ಪ ಬಂದ್ರ?" ಅಂದ್ಳು ರಮಜಾನಬಿ. "ಬೀಗ ನೋಡಿ ತಿರುಗಿ ಹೋಗ್ತಾರ, ಗ್ಯಾನಕ್ಕಾ. ಆಮ್ಯಾಲೆ ನಾ ಎಲ್ಲಿ ಹುಡುಕಲಿ?"

"ನಾ ಇರೋತನ ನೀ ಎಲ್ಲಿಗೂ ಹೋಗಂಗಿಲ್ಲ" ಅಂತ ಗ್ಯಾನಮ್ಮ ಎದಿ ಬಡಕೊಂಡು ಹೇಳಿದ್ಳು.

ಶ್ರಾವಣದ ಹೊತ್ತಿಗೆ ನಲವತ್ತೂ ಕೌದಿ ಕಡೀ ಮೂಲಿಗೆ ಬಂದು ನಿಂತವು. ಅವತ್ತು ಗ್ಯಾನಮ್ಮ ಬುಟ್ಟಿ ತುಂಬ ಹೂರಣದ ಹೋಳಿಗಿ ಮಾಡಿಕೊಂಡು ಬಂದ್ಳು, ಮ್ಯಾಲೆ ತುಪ್ಪ ಬ್ಯಾರೆ! ಅವ್ವ ಅಪ್ಪನ್ನ ಬಿಟ್ಟು ಬಂದ ಹುಡಿಗ್ಯಾರು ಹೊದ್ದು ಮಲಗೋವು, ಒಣ ರೊಟ್ಟಿ ತುತ್ತು ಹ್ಯಾಂಗ ಇಡೋದು ಅಂತ ಆಕಿ ಲೆಕ್ಕ. ರಮಜಾನಬಿ ಬುಟ್ಟಿ ನೋಡಿ ಗಾಬರಿಯಾದ್ಳು.

"ಗ್ಯಾನಕ್ಕಾ, ಇವು ನಮ್ಮ ಮನ್ಯಾಗಿನ ಕೌದಿ ಅಲ್ಲ. ಜೀಪ್ ಬರೋತನ ಗಂಟಿನ್ಯಾಗ ಇರೋವು. ಮಳಿ ಹಿಡದೈತಿ. ಈ ಸಲ ಬ್ಯಾಡ."

"ಹಸದ ಕೌದಿ ಕಳಸು ಅಂತೀಯೇನು? ಇದು ನಮ್ಮ ಪದ್ಧತಿ, ನಿಮ್ಮ ಮಂದಿಗೇನು ಗೊತ್ತಾಗ್ತದ?"

ಅಂದುಬಿಟ್ಳು. ರಮಜಾನಬಿ ತಲಿ ತಗ್ಗಿಸಿ ಸೂಜಿಗೆ ದಾರ ಪೋಣಿಸಿದ್ಳು. ಗ್ಯಾನಮ್ಮ ಮೂಲಿಗೊಂದು ಹೋಳಿಗಿ ತುಂಡು ಇಟ್ಟು ತಾನ ಹೊಲದ್ಳು, ನಲವತ್ತಕ್ಕ ನಲವತ್ತೂ. ಉಳದ ಹೆಣ್ಣಮಕ್ಕಳು ಸೋಬಾನ ಹಾಡಿದ್ರು. ಕೌದಿ ಮಡಚಿ, ಗಂಟು ಕಟ್ಟಿ, ಗೋದಾಮಿಗೆ ಬೀಗ ಹಾಕಿದ್ರು.

ಮಸ್ಕಿ ಹಳ್ಳ ತುಂಬಿ ಬಂತು. ಇವತ್ತು ಬರತೈತಿ ನಾಳೆ ಬರತೈತಿ ಅಂತ ಕಾದ ಜೀಪ್ ಹಳ್ಳ ದಾಟಿ ಬರಾಕ ಇಪ್ಪತ್ತಾರು ದಿನ ಹಿಡೀತು.

ಬಾಯಾರು ಬಂದು ಗಂಟು ಬಿಚ್ಚಸಿದ್ರು. ಮದಲ ಬಂದಿದ್ದು ನಾತ. ಒಂದು ಕೌದಿ ಝಾಡಿಸಿದ ಕೂಡಲೇ ಕಣ್ಣು ಬಿಡದ ಇಲಿಮರಿ ನಾಕೈದು ನೆಲಕ್ಕ ಬಿದ್ದವು. ಕೆಂಪಿರಿವಿ ಸಾಲುಗಟ್ಟಿ ಬಾಯಾರ ಕೈ ಹತ್ತಿದವು. ಮಡಚಿದ್ದನ್ನ ಇಲಿ ಒಂದ ಕಡೆ ಕಡದಿದ್ರೂ ಬಿಚ್ಚಿದಾಗ ಎಂಟು ಕಡೆ ತೂತು. ಒಂದಾದ್ರೂ ನೆಟ್ಟಗ ಉಳದೈತೇನು ಅಂತ ಹನ್ನೊಂದು ಮಂದಿ ಬಿದ್ದು ಎದ್ದು ಹುಡುಕಿದ್ರು. ಒಂದೂ ಉಳದಿರಲಿಲ್ಲ. ಅಯ್ಯೋ, ನಾಕು ತಿಂಗಳ ಕಣ್ಣು ಅದರಾಗ ಹೋಗಿತ್ತಲ್ಲ!

ಬಾಯಾರು ಮೂಲ್ಯಾಗ ಅಂಟಿದ್ದ ಕರೇ ಮುದ್ದಿ ನೋಡಿ ಕೇಳಿದ್ರು. "ಏನಿದು? ಯಾರು ತುಂಬಿದ್ದು ಇದನ್ನ?"

ಹೆಣ್ಣಮಕ್ಕಳು ಬಗ್ಗಿ ಇಲಿಮರಿ ಬಳಿಯಾಕ ಹತ್ತಿದ್ರು.

"ಸರ್ಕಾರದ ಮಾಲು ಇದು. ಯಾರು ಅಂತ ಹೇಳದಿದ್ದರೆ ಪೋಲೀಸರು ಕೇಳುತ್ತಾರೆ."

ಪೋಲೀಸ್ ಅನ್ನೋ ಮಾತು ಕಿವಿಗೆ ಬಿದ್ದಿದ್ದೇ ತಡ, ಗ್ಯಾನಮ್ಮ ಎರಡು ಹೆಜ್ಜಿ ಹಿಂದಕ್ಕ ಸರದ್ಳು. ನಲವತ್ತೆಂಟರಾಗ ಮಂದೀನ್ನ ಮನಿಯಿಂದ ಎಳಕೊಂಡು ಹೋಗಿದ್ದು ಕಣ್ಣಾರೆ ಕಂಡಾಕಿ ಆಕಿ. ಅಷ್ಟರಾಗ ಬಾಯಾರ ಜೋಡಿ ಬಂದಿದ್ದ ಚಪರಾಸಿ ರಮಜಾನಬಿ ಕಡೆ ನೋಡಿ ಸಣ್ಣಗ ಅಂದ, "ಯಾರ ಮನಿ ಅಡಗಿಯೋ ಏನೋ ರೀ ಬಾಯಾರ. ಮಾಂಸಗೀಂಸ ಇದ್ದೀತು. ನಮ್ಮ ಹುಡಿಗ್ಯಾರು ಹೊದಿಯೋವು."

ಬಾಯಾರು ಮುದ್ದಿ ಕೆಳಗ ಒಗದು ಸೆರಗಿಗೆ ಕೈ ಒರಸಿಕೊಂಡ್ರು.

ರಮಜಾನಬಿ ಗ್ಯಾನಮ್ಮನ ಕಡೆ ನೋಡಿದ್ಳು. ಬೇಡಿಕೊಳ್ಳೋ ನೋಟ ಅಲ್ಲ ಅದು. ಈಗ ಹೇಳ್ತಾಳ, ಇನ್ನೊಂದು ಗಳಿಗ್ಯಾಗ ಹೇಳ್ತಾಳ ಅಂತ ಭರವಸೆಲೆ ನೋಡಿದ ನೋಟ. ಅದು ಹೋಳಿಗಿ ರೀ ಬಾಯಾರ, ನನ್ನ ಒಲಿ ಮ್ಯಾಲೆ ನಾ ಬೇಯಿಸಿದ್ದು, ಈಕಿ ಬ್ಯಾಡಂದ್ರೂ ನಾ ಇಟ್ಟೀನಿ. ಇಷ್ಟ ಮಾತು ಹೇಳಿದ್ರ ಸಾಕಿತ್ತು. ಗ್ಯಾನಮ್ಮ ನೆಲ ನೋಡಕೋತ ನಿಂತ್ಳು.

ಕಡೀಕ ರಮಜಾನಬಿನ ಮುಂದ ಬಂದು, "ಸಹಿ ನಂದೈತಿ ರೀ. ಜವಾಬ್ದಾರಿ ನಂದ" ಅಂದ್ಳು. ಬಾಯಾರು ಕಾಗದದ ಮ್ಯಾಲೆ ಏನೋ ಬರಕೊಂಡ್ರು. ಕೇಂದ್ರದ ಮಾತು ಅಲ್ಲಿಗೆ ಮುಗೀತು. ಅವತ್ತ ಜಂಬಣ್ಣನೂ ಗೋದಾಮಿನ ಚಾವಿ ಇಸಕೊಂಡ.

ಸುದ್ದಿ ಊರ ತುಂಬ ಆತು. ಕೌದ್ಯಾಗ ಮಾಂಸ ಹೊಲದಾಳಂತ ಅಂತ ಬಾವಿ ಕಟ್ಟಿ ಮ್ಯಾಲೆ ಮಾತಾಡಿದ್ರು. ಸೋಬಾನ ಹಾಡಿದ ಹೆಣ್ಣಮಕ್ಕಳು ಕೇಳಿನೂ ಸುಮ್ಮನ ಕೊಡ ತುಂಬಿಕೊಂಡು ಬಂದ್ರು. ಗ್ಯಾನಮ್ಮಗ ಅನ್ನ ಸೇರಲಿಲ್ಲ. ಮೂರನೇ ದಿನ ಬಾಯಾರಿಗೆ ಖರೇ ಹೇಳಿಬರಬೇಕಂತ ಯಾರಿಗೂ ತಿಳಿಸದ ಲಿಂಗಸುಗೂರಿನ ಬಸ್ಸು ಹತ್ತಿದ್ಳು. ಕಚೇರಿ ಮುಂದಿನ ಬೇವಿನ ಗಿಡದ ಬುಡಕ್ಕ ಕುಂತ್ಳು. ಬಾಯಾರು ಒಳಗ ಹೋಗಿದ್ದು ನೋಡಿದ್ಳು, ಊಟಕ್ಕ ಹೊರಗ ಬಂದಿದ್ದು ನೋಡಿದ್ಳು, ತಿರುಗಿ ಒಳಗ ಹೋಗಿದ್ದೂ ನೋಡಿದ್ಳು. ಬಾಗಲದಾಗ ಪೋಲೀಸಿನವನೊಬ್ಬ ಬೀಡಿ ಸೇದಕೋತ ನಿಂತಿದ್ದ. ಕಡೀ ಬಸ್ಸಿಗೆ ಗ್ಯಾನಮ್ಮ ಮಸ್ಕಿಗೆ ವಾಪಸ್ ಬಂದ್ಳು. ತನ್ನ ಜಲ್ಮಕ್ಕಿಷ್ಟು ಬೆಂಕಿ ಹಾಕ ಅಂತ ದಾರಿ ತುಂಬ ತನಗ ತಾನ ಬೈಕೊಂಡ್ಳು.

ಮೊಹರಂ ಮುಗದ ನಾಕನೇ ದಿನ ಮಹಮ್ಮದಸಾಬ ಬಂದ. ಎರಡು ಟ್ರಂಕು, ಒಂದು ಹೊಲಿಗಿ ಮಿಷನ್ನು, ಅಷ್ಟ ಸಾಮಾನು. ಬಸ್‌ಸ್ಟ್ಯಾಂಡಿಗೆ ಗ್ಯಾನಮ್ಮ ಸಾಮಾನಿನ ಹಿಂದ ಹಿಂದ ಹೋದ್ಳು. ಎಂಟು ವರ್ಷದ ಶಾಕೀರಾ ಬಂದು ಆಕಿ ಸೀರಿ ಹಿಡಕೊಂಡು ಅತ್ತಿತು. ರಮಜಾನಬಿ ಅಳಲಿಲ್ಲ. ಬಸ್ಸಿನ ಬಾಗಲ ಮುಂದ ನಿಂತು ಊರ ಕಡೆ, ತನ್ನ ಓಣಿ ಕಡೆ ನೋಡಾಕತ್ತಿದ್ಳು.

ತಪ್ಪಾತು ಅನ್ನಾಕ ಬಂದ ಗ್ಯಾನಮ್ಮ ಅದನ್ನ ಅನ್ನಲಾರದ, ಆಕಿ ಕೈ ಹಿಡಕೊಂಡು ಗಡಬಡಿಸಿ ಅಂದ್ಳು, "ಹುಸೇನ್‌ಸಾಬ್ ಬಂದ್ರ ನಾ ಹೇಳ್ತೀನವ್ವ, ನೀವು ಹೈದರಾಬಾದಿನ್ಯಾಗ ಇದ್ದೀರಿ ಅಂತ. ದಿನಾ ನಿನ್ನ ಮನಿ ಕಡೆ ನೋಡ್ತಿರ್ತೀನಿ. ಬಂದ ಕೂಡಲೇ ನಾನ ಹೇಳ್ತೀನಿ."

ರಮಜಾನಬಿ ಆಕಿ ಮಾರಿ ನೋಡಿದ್ಳು. ದನ್ಯಾಗ ಸಿಟ್ಟಿರಲಿಲ್ಲ.

"ಆವಾಗೂ ನೀ ಹೇಳಂಗಿಲ್ಲ, ಗ್ಯಾನಕ್ಕಾ" ಅಂದ್ಳು. ಹಂಗಂದು ಮಗಳ ಕೈಯನ್ನ ಆಕಿ ಸೀರಿಯಿಂದ ಬಿಡಿಸಿಕೊಂಡು ಬಸ್ಸು ಹತ್ತಿದ್ಳು.